ಉಳಿಸಿದ ಯೂನಿಟ್ಟು ಯಾರ ಲೆಕ್ಕಕ್ಕೆ?

ಬೆಟ್ಟದಪುರದಂಥ ಹೋಬಳಿ ಊರಿನಲ್ಲಿ ಜನ ಸರ್ಕಾರವನ್ನು ಕಾಣುವುದು ಅದರ ಕಟ್ಟಡಗಳಲ್ಲಿ. ನಾಡಕಚೇರಿ, ಗ್ರಾಮ ಪಂಚಾಯ್ತಿ, ಸರ್ಕಾರಿ ಶಾಲೆ, ಆಸ್ಪತ್ರೆ, ಪೊಲೀಸ್ ಠಾಣೆ, ರೈತ ಸಂಪರ್ಕ ಕೇಂದ್ರ ಹೀಗೆ ಎಲ್ಲಕ್ಕೂ ಒಂದೊಂದು ಮೀಟರಿದೆ. ತಿಂಗಳಿಗೊಮ್ಮೆ ವಿದ್ಯುತ್ ಕಂಪನಿ ಚೆಸ್ಕಾಂನ ಬಿಲ್ಲು ಬರುತ್ತದೆ. ಪಿರಿಯಾಪಟ್ಟಣ, ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆಗೆ ಹೋದರೆ ಈ ಸಾಲು ಇನ್ನೂ ಉದ್ದ. ತಾಲ್ಲೂಕು ಕಚೇರಿ, ನ್ಯಾಯಾಲಯ, ವಿದ್ಯಾರ್ಥಿನಿಲಯಗಳು ಸೇರಿಕೊಳ್ಳುತ್ತವೆ, ಅವುಗಳ ಅಂಗಳದಲ್ಲಿ ಇಲಾಖೆಯ ಜೀಪು ಕಾರುಗಳು ನಿಂತಿರುತ್ತವೆ. ಇವುಗಳಲ್ಲಿ ಉರಿಯುವ ವಿದ್ಯುತ್ತು, ಸುಡುವ ಡೀಸೆಲ್ ಎರಡಕ್ಕೂ ದುಡ್ಡು ಕೊಡುವವರು ನಾವೇ. ವಿದ್ಯುತ್ತಿನ ಖರ್ಚನ್ನು ಅರ್ಧಕ್ಕಿಳಿಸುವ ಸಾಮಾನು ಇವತ್ತು ಪಿರಿಯಾಪಟ್ಟಣದ ಎಲೆಕ್ಟ್ರಿಕಲ್ ಅಂಗಡಿಗಳಲ್ಲೇ ಸಿಗುತ್ತದೆ. ಹಾಗಿದ್ದೂ ಹಳೆಯ ಟ್ಯೂಬ್‌ಲೈಟು, ಹಳೆಯ ಫ್ಯಾನು ಎಷ್ಟೋ ಕಚೇರಿಗಳಲ್ಲಿ ಏಕೆ ಉಳಿದುಕೊಂಡಿವೆ? ತಂತ್ರಜ್ಞಾನ ಇಲ್ಲವೆಂದಲ್ಲ, ಆದೇಶ ಇಲ್ಲವೆಂದೂ ಅಲ್ಲ. ಉಳಿಸುವವರಿಗೆ ತಾವೆಷ್ಟು ಉಳಿಸಿದೆವೆಂದು ಕಾಣುವುದಿಲ್ಲ, ಕಂಡರೂ ಆ ಉಳಿತಾಯ ಅವರ ಕೈಯಲ್ಲಿ ನಿಲ್ಲುವುದಿಲ್ಲ. ಇದನ್ನು ಸರಿಪಡಿಸದೆ ಎಷ್ಟು ಸುತ್ತೋಲೆ ಹೊರಡಿಸಿದರೂ ಫಲ ಕಡಿಮೆ ಎಂಬುದು ಈ ಲೇಖನದ ವಾದ.

ಮೊದಲು ಒಂದು ತಪ್ಪು ತಿಳಿವಳಿಕೆ ದೂರವಾಗಬೇಕು. ಇಂಧನ ದಕ್ಷತೆ ಎಂದರೆ ದೀಪ ಆರಿಸಿ ಕತ್ತಲೆಯಲ್ಲಿ ಕೂರುವುದಲ್ಲ, ಅಷ್ಟೇ ಬೆಳಕನ್ನು, ಅಷ್ಟೇ ಗಾಳಿಯನ್ನು ಕಡಿಮೆ ವಿದ್ಯುತ್ತಿನಲ್ಲಿ ಪಡೆಯುವುದು. ಹೊಗೆಸೊಪ್ಪು ಬೆಳೆಯುವ ಈ ಸೀಮೆಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬ್ಯಾರನ್ನಿನಲ್ಲಿ ಎಲೆ ಹದಕ್ಕೆ ಬರಲು ಎಷ್ಟು ಸೌದೆ ಸುಡಬೇಕು, ಕುಲುಮೆ ಸರಿಯಿದ್ದರೆ, ಗೋಡೆಯ ಬಿರುಕು ಮುಚ್ಚಿದ್ದರೆ ಎಷ್ಟು ಸೌದೆ ಉಳಿಯುತ್ತದೆ ಎಂಬ ಲೆಕ್ಕ ಪ್ರತಿ ಬೆಳೆಗಾರನಿಗೂ ಗೊತ್ತು. ಸೌದೆಯ ದುಡ್ಡು ಅವನ ಜೇಬಿನದು, ಉಳಿದರೆ ಅವನಿಗೇ ಉಳಿಯುತ್ತದೆ. ಆದ್ದರಿಂದ ಲೆಕ್ಕ ತಾನಾಗಿ ಹುಟ್ಟುತ್ತದೆ. ಸರ್ಕಾರಿ ಕಟ್ಟಡದಲ್ಲಿ ತಪ್ಪಿಹೋಗಿರುವುದು ಈ ಕೊಂಡಿ.

ಒಂದು ಮಧ್ಯಮ ಗಾತ್ರದ ಕಚೇರಿಯನ್ನು ಕಲ್ಪಿಸಿಕೊಂಡು ಲೆಕ್ಕ ಹಾಕೋಣ. ಅದರಲ್ಲಿ 30 ಹಳೆಯ ಟ್ಯೂಬ್‌ಲೈಟು, 20 ಹಳೆಯ ಸೀಲಿಂಗ್ ಫ್ಯಾನು ಇವೆ ಎಂದಿಟ್ಟುಕೊಳ್ಳಿ. ದಪ್ಪ ಟ್ಯೂಬು ತಾನು 40 ವ್ಯಾಟ್ ತೆಗೆದುಕೊಂಡರೆ ಅದರ ಚೋಕು ಇನ್ನು ಹತ್ತು ಹನ್ನೆರಡು ವ್ಯಾಟ್ ತಿನ್ನುತ್ತದೆ. ಅಷ್ಟೇ ಬೆಳಕಿಗೆ ಎಲ್‌ಇಡಿ ಟ್ಯೂಬಿಗೆ 20 ವ್ಯಾಟ್ ಸಾಕು. ಹಳೆಯ ಫ್ಯಾನಿಗೆ ಸುಮಾರು 75 ವ್ಯಾಟ್ ಬೇಕು, ಈಗಿನ ಬಿಎಲ್‌ಡಿಸಿ ಫ್ಯಾನು 30 ವ್ಯಾಟಿನಲ್ಲಿ ಅಷ್ಟೇ ಗಾಳಿ ಕೊಡುತ್ತದೆ. ದೀಪಗಳು ದಿನಕ್ಕೆ 8 ಗಂಟೆಯಂತೆ ವರ್ಷಕ್ಕೆ 280 ದಿನ ಉರಿದರೆ, ಬದಲಾವಣೆಯಿಂದ ಉಳಿಯುವುದು ಸುಮಾರು 2,150 ಯೂನಿಟ್. ಕೊಡಗಿನ ಮಗ್ಗುಲಿನ ಈ ನಾಡಿನಲ್ಲಿ ಮಳೆ ಚಳಿಯ ದಿನಗಳಲ್ಲಿ ಫ್ಯಾನು ಬೇಕಾಗುವುದಿಲ್ಲವೆಂದು 200 ದಿನವನ್ನಷ್ಟೇ ಹಿಡಿದರೂ ಫ್ಯಾನುಗಳಿಂದ ಉಳಿಯುವುದು 1,440 ಯೂನಿಟ್. ಯೂನಿಟ್ಟಿಗೆ 7 ರೂಪಾಯಿಯಂತೆ ಎರಡೂ ಸೇರಿ ವರ್ಷಕ್ಕೆ 25,000 ರೂಪಾಯಿ. ಟ್ಯೂಬಿಗೆ 250, ಫ್ಯಾನಿಗೆ 3,000 ರೂಪಾಯಿ ಎಂದರೆ ಹಾಕಿದ ಬಂಡವಾಳ 67,500. ಅದು ಮೂರು ವರ್ಷದೊಳಗೆ ವಾಪಸು ಬರುತ್ತದೆ. ಟ್ಯೂಬುಗಳನ್ನಷ್ಟೇ ಬದಲಿಸಿದರೆ ಹಾಕಿದ ದುಡ್ಡು ಆರೇ ತಿಂಗಳಲ್ಲಿ ಹಿಂದಿರುಗುತ್ತದೆ. ಬೇರೆ ಯಾವ ಸರ್ಕಾರಿ ಕಾಮಗಾರಿ ಇಷ್ಟು ಬೇಗ ಬಂಡವಾಳ ತೀರಿಸುತ್ತದೆ? ಇನ್ನೊಂದು ಲಾಭ ಬಿಲ್ಲಿನಲ್ಲಿ ಕಾಣುವುದೇ ಇಲ್ಲ. ಕಟ್ಟಡದ ಒಟ್ಟು ಹೊರೆ 3,060 ವ್ಯಾಟಿನಿಂದ 1,200ಕ್ಕೆ ಇಳಿಯುವುದರಿಂದ, ಕರೆಂಟು ಹೋದಾಗ ಅದೇ ಬ್ಯಾಟರಿ ಎರಡೂವರೆ ಪಟ್ಟು ಹೊತ್ತು ನಡೆಸುತ್ತದೆ. ಮುಂಗಾರಿನ ಗಾಳಿಗೆ ಮರ ಬಿದ್ದು ಲೈನು ಕಡಿದುಹೋಗುವ ಹಳ್ಳಿಗಳ ಆಸ್ಪತ್ರೆಗೆ, ಪಹಣಿಗಾಗಿ ಜನ ಸಾಲು ನಿಂತಿರುವ ನಾಡಕಚೇರಿಗೆ ಇದರ ಬೆಲೆ ದುಡ್ಡಿಗಿಂತ ದೊಡ್ಡದು.

ದೀಪ ಫ್ಯಾನುಗಳಾಚೆ ಕಟ್ಟಡವೇ ಇದೆ. ಹಳೇ ಮೈಸೂರು ಸಂಸ್ಥಾನದ ಕಾಲದ ಶಾಲೆ, ಪ್ರವಾಸಿ ಮಂದಿರಗಳಲ್ಲಿ ಎತ್ತರದ ಹೆಂಚಿನ ಮಾಡು, ಸುತ್ತ ಜಗಲಿ, ಎದುರು ಬದುರು ಕಿಟಕಿಗಳಿದ್ದವು. ಬೆಳಕು, ಗಾಳಿ ಎರಡೂ ಬಿಟ್ಟಿ ಬರುತ್ತಿದ್ದವು. ಆಮೇಲೆ ಬಂದ ತಗ್ಗು ತಾರಸಿಯ ಕಟ್ಟಡಗಳು ಏಪ್ರಿಲ್ ಮಧ್ಯಾಹ್ನ ಕಾದು, ಸಂಜೆಯವರೆಗೂ ಆ ಕಾವನ್ನು ಒಳಕ್ಕೆ ಬಿಡುತ್ತಲೇ ಇರುತ್ತವೆ. ಕಾದ ತಾರಸಿಯ ಕೆಳಗೆ ಫ್ಯಾನು ತಿರುಗಿದರೆ ಬಿಸಿಗಾಳಿಯೇ ಸುತ್ತುತ್ತದೆ, ಆಗ ಏರ್ ಕಂಡಿಷನರ್ ಬೇಕೆಂಬ ಬೇಡಿಕೆ ಹುಟ್ಟುತ್ತದೆ. ತಾರಸಿಗೆ ಬಿಸಿಲನ್ನು ಹಿಂದಕ್ಕೆಸೆಯುವ ಬಿಳಿ ಬಣ್ಣವನ್ನೋ ಸುಣ್ಣವನ್ನೋ ಬಳಿದರೆ ಒಳಗಿನ ಕಾವು ಸಾಮಾನ್ಯವಾಗಿ ಎರಡು ಮೂರು ಡಿಗ್ರಿ ಇಳಿಯುತ್ತದೆ. ನೆರೆಯ ತೆಲಂಗಾಣ 2023ರಲ್ಲಿ ಇದಕ್ಕೆಂದೇ ತಂಪು ಛಾವಣಿ ನೀತಿಯನ್ನು ತಂದು ಸರ್ಕಾರಿ ಕಟ್ಟಡಗಳಿಗೆ ಅದನ್ನು ಕಡ್ಡಾಯ ಮಾಡಿತು. ಎಸಿ ಬೇಕೇ ಬೇಕಾದ ಕೋಣೆಗೂ ಒಂದು ಲೆಕ್ಕವಿದೆ. ಉಷ್ಣತೆಯನ್ನು ಒಂದು ಡಿಗ್ರಿ ಏರಿಸಿಟ್ಟರೆ ಸುಮಾರು ಶೇ 6ರಷ್ಟು ವಿದ್ಯುತ್ತು ಉಳಿಯುತ್ತದೆ. ಅದಕ್ಕಾಗಿಯೇ 2020ರ ಜನವರಿಯಿಂದ ಹೊಸ ಎಸಿಗಳು ಕಾರ್ಖಾನೆಯಿಂದಲೇ 24 ಡಿಗ್ರಿಗೆ ಹೊಂದಿಸಿಕೊಂಡು ಬರಬೇಕೆಂಬ ನಿಯಮವಿದೆ.

ಕಾನೂನಿಗೂ ಕೊರತೆಯಿಲ್ಲ. ಇಂಧನ ಸಂರಕ್ಷಣಾ ಕಾಯ್ದೆ 2001ರಲ್ಲಿ ಬಂತು, ಅದರಡಿ 2002ರಲ್ಲಿ ಇಂಧನ ದಕ್ಷತೆಯ ಬ್ಯೂರೊ ಹುಟ್ಟಿತು. ನಮ್ಮ ರಾಜ್ಯದಲ್ಲಿ ಆ ಕಾಯ್ದೆಯ ಹೊಣೆ ಹೊತ್ತಿರುವುದು ನವೀಕರಿಸಬಹುದಾದ ಇಂಧನದ ಸರ್ಕಾರಿ ಸಂಸ್ಥೆ ಕ್ರೆಡಲ್. ಸರ್ಕಾರಿ ಕಟ್ಟಡಗಳಲ್ಲಿ ಬುರುಡೆ ಬಲ್ಬಿನ ಬದಲು ಕಡಿಮೆ ವಿದ್ಯುತ್ತಿನ ದೀಪ ಹಾಕಬೇಕೆಂದು ಕರ್ನಾಟಕ 2007ರಲ್ಲೇ ಆದೇಶ ಹೊರಡಿಸಿತ್ತು. ಕಟ್ಟಡಗಳ ಇಂಧನ ಸಂಹಿತೆಯನ್ನು ಕೇಂದ್ರ ಅದೇ ವರ್ಷ ರೂಪಿಸಿತು, ರಾಜ್ಯ 2014ರಲ್ಲಿ ಅದನ್ನು ಅಳವಡಿಸಿಕೊಂಡಿತು. ಆದರೆ ಆ ಸಂಹಿತೆ ಅನ್ವಯವಾಗುತ್ತಿದ್ದುದು 100 ಕಿಲೋವ್ಯಾಟ್‌ ಮತ್ತು ಅದಕ್ಕಿಂತ ಹೆಚ್ಚು ಹೊರೆಯ ದೊಡ್ಡ ಕಟ್ಟಡಗಳಿಗೆ. ಬೆಟ್ಟದಪುರದ ನಾಡಕಚೇರಿಯಾಗಲಿ, ಹಳ್ಳಿಯ ಪ್ರೌಢಶಾಲೆಯಾಗಲಿ ಆ ಗಡಿಯ ಹತ್ತಿರವೂ ಬರುವುದಿಲ್ಲ. ದೆಹಲಿಯಲ್ಲಿ 2014ರಲ್ಲಿ ಉದ್ಘಾಟನೆಯಾದ ಇಂದಿರಾ ಪರ್ಯಾವರಣ ಭವನ ವರ್ಷಕ್ಕೆ ಬೇಕಾದಷ್ಟು ವಿದ್ಯುತ್ತನ್ನು ತಾನೇ ಉತ್ಪಾದಿಸಿಕೊಳ್ಳುವಂತೆ ಕಟ್ಟಿದ ಸರ್ಕಾರಿ ಕಟ್ಟಡ. ಸರ್ಕಾರಿ ಎಂಜಿನಿಯರುಗಳು ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೆ ಅದೇ ಸಾಕ್ಷಿ. ಆದರೆ ಒಂದು ಮಾದರಿ ಭವನಕ್ಕಿಂತ, ಹೋಬಳಿಗೊಂದರಂತೆ ಏಳುವ ಸಾವಿರಾರು ಸಾಧಾರಣ ಕಟ್ಟಡಗಳ ನಕ್ಷೆ ಸರಿಯಾಗುವುದು ಮುಖ್ಯ. ಇವತ್ತು ಕಟ್ಟಿದ್ದು ಐವತ್ತು ವರ್ಷ ನಿಲ್ಲುತ್ತದೆ, ಅದರ ತಪ್ಪಿಗೆ ಐವತ್ತು ವರ್ಷವೂ ಬಿಲ್ಲು ಕಟ್ಟಬೇಕಾಗುತ್ತದೆ.

ಇಷ್ಟೆಲ್ಲ ಇದ್ದೂ ಕೆಲಸ ಏಕೆ ಆಗುವುದಿಲ್ಲ ಎಂಬ ಪ್ರಶ್ನೆಗೆ ಉತ್ತರ ಕಡತದ ದಾರಿಯಲ್ಲಿದೆ. ಕಟ್ಟಡ ಕಟ್ಟುವುದು ಲೋಕೋಪಯೋಗಿ ಇಲಾಖೆ, ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗ ಅಥವಾ ನಿರ್ಮಿತಿ ಕೇಂದ್ರ. ಅದರಲ್ಲಿ ಕೂತು ಕೆಲಸ ಮಾಡುವುದು ಇನ್ನೊಂದು ಇಲಾಖೆ. ಬಿಲ್ಲು ಕೊಡುವುದು ಚೆಸ್ಕಾಂ, ದುಡ್ಡು ಬರುವುದು ಖಜಾನೆಯಿಂದ. ಕಟ್ಟುವವರು ಅಂದಾಜುಪಟ್ಟಿಯ ಮೊತ್ತ ಇಳಿಸಲು ಅಗ್ಗದ ಫ್ಯಾನು ಹಾಕಿದರೆ ಅವರಿಗೆ ನಷ್ಟವಿಲ್ಲ, ಏಕೆಂದರೆ ಮುಂದಿನ ಬಿಲ್ಲು ಅವರದಲ್ಲ. ಬಳಸುವವರು ಉಳಿಸಿದರೆ ಅವರಿಗೆ ಲಾಭವಿಲ್ಲ. ಮಾರ್ಚ್ 31ಕ್ಕೆ ಉಳಿದ ಅನುದಾನ ಹಿಂದಕ್ಕೆ ಹೋಗುತ್ತದೆ, ಮುಂದಿನ ವರ್ಷ ಅಷ್ಟು ಕಡಿಮೆ ಕೊಟ್ಟರೂ ಕೊಟ್ಟಾರು. ಸಾದಿಲ್ವಾರು ಖರ್ಚಿನಲ್ಲಿ ಬಿಲ್ಲು ಕಟ್ಟಲು ಅವಕಾಶವಿದೆ. ಆದರೆ ಅದೇ ಹಣದಲ್ಲಿ ಬಿಲ್ಲನ್ನೇ ಇಳಿಸುವ ಫ್ಯಾನು ಕೊಳ್ಳಬೇಕೆಂದರೆ ಬೇರೆ ಲೆಕ್ಕಶೀರ್ಷಿಕೆ, ಬೇರೆ ಮಂಜೂರಾತಿ. ಟೆಂಡರ್ ಕರೆದರೆ ಗೆಲ್ಲುವುದು ಕೊಳ್ಳುವ ದಿನ ಕಡಿಮೆ ಬೆಲೆ ಹೇಳಿದವರು. ಹತ್ತು ವರ್ಷ ಓಡಿಸುವ ಖರ್ಚು ಆ ಹೋಲಿಕೆಯಲ್ಲಿ ಬರುವುದೇ ಇಲ್ಲ. ಇದರಲ್ಲಿ ಯಾರೊಬ್ಬರ ಸೋಮಾರಿತನವನ್ನೂ ದೂರಿ ಫಲವಿಲ್ಲ. ಪ್ರಾಮಾಣಿಕ ಅಧಿಕಾರಿಯೂ ಈ ಏರ್ಪಾಟಿನೊಳಗೆ ಉಳಿಸುವ ದಾರಿ ಕಾಣದೆ ಕೂರಬೇಕಾಗುತ್ತದೆ.

ಈಚಿನ ಎರಡು ಬೆಳವಣಿಗೆಗಳು ಈ ಪ್ರಶ್ನೆಯನ್ನು ಇನ್ನಷ್ಟು ತುರ್ತಾಗಿಸಿವೆ. 2023ರ ನವೆಂಬರಿನಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಶಾಲೆಗಳಿಗೆ ವಿದ್ಯುತ್ತು, ನೀರು ಉಚಿತ ಎಂದು ಘೋಷಿಸಿತು. ಬಿಲ್ಲು ಬಾಕಿಯಾಗಿ ಶಾಲೆಯ ಸಂಪರ್ಕ ಕಡಿದುಹೋಗುವ, ಮುಖ್ಯ ಶಿಕ್ಷಕರು ಕೈಯಿಂದ ಕಟ್ಟುವ ಕಷ್ಟ ತಪ್ಪಿಸಿದ ಒಳ್ಳೆಯ ಕೆಲಸವದು. ಆದರೆ ಶಾಲೆಗೆ ಉಚಿತವಾದದ್ದು ಸರ್ಕಾರಕ್ಕೆ ಉಚಿತವಲ್ಲ. ಬಿಲ್ಲು ಕಣ್ಣಿಂದ ಮರೆಯಾದ ಮೇಲೆ ಹಳೆಯ ಫ್ಯಾನನ್ನು ಬದಲಿಸಬೇಕೆಂದು ಕೇಳುವವರು ಯಾರು? ಉಚಿತ ವಿದ್ಯುತ್ತಿನ ಜೊತೆಗೇ ಒಂದು ಸಲ ಎಲ್ಲ ಶಾಲೆಗಳ ದೀಪ ಫ್ಯಾನುಗಳನ್ನು ಬದಲಿಸಿಕೊಟ್ಟರೆ ಸರ್ಕಾರದ ಹೊರೆ ಪ್ರತಿ ವರ್ಷವೂ ಇಳಿಯುತ್ತದೆ. ಎರಡನೆಯದು ಗ್ರಾಮ ಪಂಚಾಯ್ತಿಗಳ ಕಥೆ. ಕುಡಿಯುವ ನೀರಿನ ಪಂಪು, ಬೀದಿದೀಪಗಳ ಬಾಬ್ತಿನಲ್ಲಿ ಪಂಚಾಯ್ತಿಗಳು ವಿದ್ಯುತ್ ಕಂಪನಿಗಳಿಗೆ ಉಳಿಸಿಕೊಂಡ ಬಾಕಿ ರಾಜ್ಯದಲ್ಲಿ ಸಾವಿರಾರು ಕೋಟಿ ರೂಪಾಯಿ. ಆ ಬಾಕಿಯ ಭಾರ ಕೊನೆಗೆ ಒಂದಿಲ್ಲೊಂದು ರೂಪದಲ್ಲಿ ಉಳಿದ ಗ್ರಾಹಕರ ಮೇಲೆ, ತೆರಿಗೆ ಕಟ್ಟುವವರ ಮೇಲೆ ಬೀಳುತ್ತದೆ.

ಲೆಕ್ಕ ಇಟ್ಟರೆ ಏನಾಗುತ್ತದೆ ಎಂದು ತಿಳಿಯಲು ದೂರ ಹೋಗಬೇಕಾಗಿಲ್ಲ, ನಮ್ಮ ಕೆಎಸ್‌ಆರ್‌ಟಿಸಿಯನ್ನೇ ನೋಡಬಹುದು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಡಿಪೊಗಳಿಂದ ಹೊರಡುವ ಬಸ್ಸಿಗೆ ಲೀಟರಿಗೆ ಎಷ್ಟು ಕಿಲೋಮೀಟರ್ ಬಂತು ಎಂಬ ಕೆಎಂಪಿಎಲ್ ಲೆಕ್ಕವಿದೆ. ಯಾವ ಬಸ್ಸು ಹೆಚ್ಚು ಕುಡಿಯುತ್ತಿದೆ, ಯಾವ ಚಾಲಕರಿಗೆ ತರಬೇತಿ ಬೇಕು, ಯಾವ ವಾಹನ ಶೆಡ್ಡಿಗೆ ಹೋಗಬೇಕು ಎಂಬುದನ್ನು ಆ ಅಂಕಿಯೇ ಹೇಳುತ್ತದೆ. ಸಂಬಳ ಬಿಟ್ಟರೆ ನಿಗಮದ ದೊಡ್ಡ ಖರ್ಚು ಡೀಸೆಲ್, ಆದ್ದರಿಂದ ಹನಿ ಹನಿಗೂ ಲೆಕ್ಕ. ಇಲಾಖೆಯ ಜೀಪಿಗೂ ಲಾಗ್‌ಬುಕ್ ಇದೆ, ಅದರಲ್ಲಿ ಕಿಲೋಮೀಟರೂ ಇದೆ, ಲೀಟರೂ ಇದೆ. ಆದರೆ ಆ ಪುಸ್ತಕ ಇರುವುದು ಲೆಕ್ಕಪರಿಶೋಧನೆಗೆ. ಎರಡು ಅಂಕಿಗಳನ್ನು ಭಾಗಿಸಿ, ಹೋದ ತಿಂಗಳಿಗೆ, ಪಕ್ಕದ ತಾಲ್ಲೂಕಿನ ಅಂಥದೇ ವಾಹನಕ್ಕೆ ಹೋಲಿಸಿ ನೋಡುವ ಪದ್ಧತಿ ಬೇರೂರಿಲ್ಲ. ಟೈರಿನ ಗಾಳಿ ಸರಿಯಿರುವುದು, ನಿಂತಾಗ ಎಂಜಿನ್ ಆರಿಸುವುದು, 45ರಿಂದ 55 ಕಿ.ಮೀ. ವೇಗದಲ್ಲಿ ಸಮವಾಗಿ ಓಡಿಸುವುದು ಇಂಧನ ಉಳಿಸುತ್ತವೆಂದು ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘ ದಶಕಗಳಿಂದ ಹೇಳುತ್ತ ಬಂದಿದೆ. ಸಾರಿಗೆ ನಿಗಮ ಮಾಡುವುದನ್ನು ಉಳಿದ ಇಲಾಖೆಗಳೂ ಮಾಡಬೇಕೆಂದು ಕೇಳುವುದು ಹೊಸ ಯಂತ್ರ ಕೇಳಿದಂತಲ್ಲ, ಇರುವ ಪುಸ್ತಕವನ್ನು ಓದಿ ಎಂದಷ್ಟೇ.

ವಿದ್ಯುತ್ ವಾಹನದ ವಿಷಯದಲ್ಲಿ ಕರ್ನಾಟಕ ಹಿಂದೆ ಬಿದ್ದಿಲ್ಲ. 2017ರಲ್ಲಿ ದೇಶದಲ್ಲೇ ಮೊದಲಿಗೆ ಇದಕ್ಕೊಂದು ನೀತಿ ತಂದ ರಾಜ್ಯ ನಮ್ಮದು. 2023ರ ಆರಂಭದಿಂದ ಬೆಂಗಳೂರು ಮೈಸೂರು ನಡುವೆ ಕೆಎಸ್‌ಆರ್‌ಟಿಸಿಯ ವಿದ್ಯುತ್ ಬಸ್ಸು ಓಡುತ್ತಿದೆ. ಸರ್ಕಾರಿ ಕಚೇರಿಗಳಿಗೆಂದು ಕೇಂದ್ರದ ಇಇಎಸ್‌ಎಲ್ ಕಂಪನಿ 2017ರಲ್ಲಿ 10,000 ವಿದ್ಯುತ್ ಕಾರುಗಳಿಗೆ ಟೆಂಡರ್ ಕರೆಯಿತು. ಆ ಮೊದಲ ಕಾರುಗಳು ಒಂದು ಚಾರ್ಜಿಗೆ ಓಡುತ್ತಿದ್ದುದು 150 ಕಿ.ಮೀ. ಒಳಗೆ, ಎಸಿ ಹಾಕಿದರೆ ಇನ್ನೂ ಕಡಿಮೆ. ಯೋಜನೆ ಅಂದುಕೊಂಡ ವೇಗದಲ್ಲಿ ಸಾಗದಿರಲು ಇದೂ ಒಂದು ಕಾರಣ. ಪಿರಿಯಾಪಟ್ಟಣದಿಂದ ಮೈಸೂರಿಗೆ ಸುಮಾರು 70 ಕಿ.ಮೀ.; ಜಿಲ್ಲಾ ಕಚೇರಿಯ ಸಭೆಗೆ ಹೋಗಿ ಬರುವಷ್ಟರಲ್ಲಿ ಅಂಥ ಕಾರು ದಾರಿಯಲ್ಲೇ ನಿಲ್ಲುವ ಭಯವಿತ್ತು. ಈಗ 250 ಕಿ.ಮೀ. ದಾಟುವ ಕಾರುಗಳು ಸಾಮಾನ್ಯವಾಗಿವೆ, ಆ ಭಯಕ್ಕೆ ಹಿಂದಿನ ಆಧಾರ ಉಳಿದಿಲ್ಲ. ಖರ್ಚು ನೋಡಿ. ಡೀಸೆಲ್ ಲೀಟರಿಗೆ 90 ರೂಪಾಯಿ, ವಾಹನ 15 ಕಿ.ಮೀ. ಕೊಡುತ್ತದೆ ಎಂದರೆ ಕಿಲೋಮೀಟರಿಗೆ 6 ರೂಪಾಯಿ. ವಿದ್ಯುತ್ ಕಾರು ಯೂನಿಟ್ಟಿಗೆ 7 ಕಿ.ಮೀ. ಓಡಿದರೆ, ಯೂನಿಟ್ಟಿಗೆ 8 ರೂಪಾಯಿಯಂತೆ ಕಿಲೋಮೀಟರಿಗೆ ಒಂದು ರೂಪಾಯಿ ಚಿಲ್ಲರೆ. ವರ್ಷಕ್ಕೆ 20,000 ಕಿ.ಮೀ. ಓಡುವ ವಾಹನದಲ್ಲಿ ಇದರಿಂದ 95,000 ರೂಪಾಯಿಗೂ ಹೆಚ್ಚು ಉಳಿಯುತ್ತದೆ. 5,000 ಕಿ.ಮೀ. ಓಡುವುದರಲ್ಲಿ ಉಳಿಯುವುದು 24,000 ಮಾತ್ರ, ಕಾರಿನ ಹೆಚ್ಚಿನ ಬೆಲೆ ಅದರಿಂದ ತೀರುವುದು ಕಷ್ಟ. ಹಾಗಾಗಿ ವಿದ್ಯುತ್ ಕಾರು ಮೊದಲು ಹೋಗಬೇಕಾದ್ದು ದೊಡ್ಡ ಹುದ್ದೆಯವರ ಬಾಗಿಲಿಗಲ್ಲ, ದಿನವೂ ಹೆಚ್ಚು ಓಡಿ ಸಂಜೆ ಕಚೇರಿಗೇ ವಾಪಸಾಗುವ ವಾಹನದ ಜಾಗಕ್ಕೆ.

ಎಲ್ಲ ವಾಹನವೂ ಬದಲಾಗಬೇಕೆಂದು ವಾದಿಸುವುದು ಈ ಸೀಮೆಯನ್ನು ಅರಿಯದವರ ಮಾತಾದೀತು. ನಾಗರಹೊಳೆಯ ಕಾಡಿನಲ್ಲಿ ಗಸ್ತು ತಿರುಗುವ ಅರಣ್ಯ ಇಲಾಖೆಯ ಜೀಪು, ಎಚ್.ಡಿ. ಕೋಟೆಯ ಹಾಡಿಗಳಿಗೆ ಮಳೆಗಾಲದಲ್ಲೂ ತಲುಪಬೇಕಾದ ಆಂಬುಲೆನ್ಸ್, ಅಗ್ನಿಶಾಮಕ ವಾಹನ ಇವು ಚಾರ್ಜಿಗೆ ಕಾಯುವಂತಿಲ್ಲ. ಅವುಗಳಿಗೆ ಬೇಕಾದ್ದು ಒಳ್ಳೆಯ ನಿರ್ವಹಣೆ, ಸಕಾಲದಲ್ಲಿ ಹೊಸ ಎಂಜಿನ್. 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ 2023ರ ಏಪ್ರಿಲ್ 1ರಿಂದ ನವೀಕರಣವಾಗುವುದಿಲ್ಲವೆಂಬ ಕೇಂದ್ರದ ನಿಯಮ ಇಲ್ಲಿ ಒಂದು ಅವಕಾಶ. ಹೇಗೂ ಗುಜರಿಗೆ ಹೋಗುವ ಪ್ರತಿ ಜೀಪಿನ ಜಾಗಕ್ಕೆ ಏನು ಬರಬೇಕೆಂದು ಅದು ಮಾಡುವ ಕೆಲಸ ನೋಡಿ ನಿರ್ಧರಿಸಿದರೆ, ಹೆಚ್ಚುವರಿ ಹೊರೆಯಿಲ್ಲದೆ ಬದಲಾವಣೆ ನಡೆಯುತ್ತದೆ.

ಇನ್ನು ಆಕ್ಷೇಪಗಳು. ರಾಜ್ಯದ ವಿದ್ಯುತ್ತಿನ ದೊಡ್ಡ ಪಾಲು ಕೃಷಿ ಪಂಪುಗಳಿಗೆ, ಕಾರ್ಖಾನೆಗಳಿಗೆ, ಮನೆಗಳಿಗೆ ಹೋಗುವಾಗ ಕಚೇರಿಗಳ ನಾಲ್ಕು ದೀಪದಿಂದ ಏನಾದೀತು ಎನ್ನುವವರಿದ್ದಾರೆ. ಪಾಲು ಸಣ್ಣದೆಂಬುದು ನಿಜ. ಆದರೆ ಸರ್ಕಾರ ಒಟ್ಟಿಗೆ ಕೊಂಡಾಗ ಮಾರುಕಟ್ಟೆಯೇ ಬದಲಾಗುತ್ತದೆ. ಇದೇ ಇಇಎಸ್‌ಎಲ್ ‘ಉಜಾಲಾ’ ಯೋಜನೆಗೆ, ನಮ್ಮಲ್ಲಿ ‘ಹೊಸ ಬೆಳಕು’ ಎಂಬ ಹೆಸರಿನಲ್ಲಿ ನಡೆದ ಯೋಜನೆಗೆ, ಎಲ್‌ಇಡಿ ಬಲ್ಬುಗಳನ್ನು ರಾಶಿ ರಾಶಿಯಾಗಿ ಕೊಂಡಾಗ, 2014ರಲ್ಲಿ 310 ರೂಪಾಯಿ ಇದ್ದ ಬಲ್ಬಿನ ಖರೀದಿ ಬೆಲೆ 2016ರಲ್ಲಿ 38 ರೂಪಾಯಿಗಿಳಿಯಿತು. ಇವತ್ತು ಗುಡಿಸಲಿನಲ್ಲೂ ಎಲ್‌ಇಡಿ ಉರಿಯುತ್ತಿದ್ದರೆ ಆ ಸಾಮೂಹಿಕ ಖರೀದಿಯ ಪಾತ್ರ ಅದರಲ್ಲಿ ದೊಡ್ಡದು. ಫ್ಯಾನಿಗೂ ಪಂಪಿಗೂ ಇದೇ ಆಗಬಹುದು. ಎರಡನೆಯ ಆಕ್ಷೇಪ, ಚಾವಣಿಗೆ ಸೌರಫಲಕ ಹಾಕಿದರೆ ಸಾಲದೇ ಎಂಬುದು. ಫಲಕ ಬೇಕು, ಆದರೆ ಹೊರೆ ಇಳಿಸಿದ ಮೇಲೆ. 1,200 ವ್ಯಾಟ್ ಬೇಡುವ ಕಚೇರಿಗೆ ಸಾಕಾಗುವ ಫಲಕ, ಬ್ಯಾಟರಿಗಳ ಖರ್ಚು 3,060 ವ್ಯಾಟ್ ಬೇಡುವ ಕಚೇರಿಗಾಗುವ ಖರ್ಚಿನ ಅರ್ಧಕ್ಕಿಂತ ಕಡಿಮೆ. ಮೂರನೆಯದು ಗುಣಮಟ್ಟ: ಸರ್ಕಾರಿ ಟೆಂಡರಿನಲ್ಲಿ ಬಂದ ದೀಪ ವರ್ಷದೊಳಗೆ ಕೆಡುತ್ತದೆಂಬ ದೂರು. ಇದು ನ್ಯಾಯವಾದ ಆತಂಕ, ಉತ್ತರವೂ ಟೆಂಡರಿನಲ್ಲೇ ಇದೆ. ಸ್ಟಾರ್ ಗುರುತು, ಮೂರು ವರ್ಷದ ಗ್ಯಾರಂಟಿ, ಕೊಳ್ಳುವ ಬೆಲೆಯ ಜೊತೆ ಓಡಿಸುವ ಖರ್ಚನ್ನೂ ಸೇರಿಸಿ ಹೋಲಿಸುವ ಷರತ್ತು ಇವು ಬಂದರೆ ಕಳಪೆ ಮಾಲು ತಾನಾಗಿ ಹೊರಬೀಳುತ್ತದೆ.

ಹಣ ಎಲ್ಲಿಂದ ಎಂಬ ಪ್ರಶ್ನೆಗೆ ಜರ್ಮನಿಯ ಸ್ಟುಟ್‌ಗಾರ್ಟ್ ನಗರಸಭೆ 1995ರಲ್ಲೇ ಒಂದು ದಾರಿ ಕಂಡುಕೊಂಡಿತು. ನಗರಸಭೆಯೊಳಗೇ ಒಂದು ಸುತ್ತುನಿಧಿ ಮಾಡಿ, ಶಾಲೆಗೋ ಆಸ್ಪತ್ರೆಗೋ ದಕ್ಷ ಸಾಮಾನು ಹಾಕಿಸಲು ಅದರಿಂದ ಮುಂಗಡ ಕೊಡುವುದು, ಬಿಲ್ಲಿನಲ್ಲಿ ಉಳಿದ ಹಣದಿಂದಲೇ ಅದನ್ನು ತೀರಿಸಿಕೊಳ್ಳುವುದು, ತೀರಿದ ಹಣವನ್ನು ಮುಂದಿನ ಕಟ್ಟಡಕ್ಕೆ ಕೊಡುವುದು. ಹೊರಗಿನ ಕಂಪನಿ ಬಂಡವಾಳ ಹಾಕಿ ಉಳಿತಾಯದಲ್ಲಿ ಪಾಲು ಪಡೆಯುವ ಪದ್ಧತಿ ನಮ್ಮಲ್ಲೂ ಇದೆ. ಆದರೆ ಬೀದಿದೀಪದ ಯೋಜನೆಗಳಲ್ಲಿ ಹಲವು ರಾಜ್ಯಗಳ ಸ್ಥಳೀಯ ಸಂಸ್ಥೆಗಳು ಕಂತು ಬಾಕಿ ಉಳಿಸಿಕೊಂಡದ್ದರಿಂದ ಅದಕ್ಕೆ ಪೆಟ್ಟು ಬಿತ್ತು. ಮೈಸೂರು ಜಿಲ್ಲಾ ಪಂಚಾಯ್ತಿಯಂಥ ಸಂಸ್ಥೆಯೊಳಗೇ ನಿಧಿ ಇದ್ದರೆ ಸಾಲ ಕೊಡುವವರು, ತೀರಿಸುವವರು ಒಂದೇ ಸೂರಿನಡಿ ಇರುತ್ತಾರೆ. ಲೆಕ್ಕ ಎಲ್ಲರಿಗೂ ಕಾಣುವಂತೆ ಮಾಡಲು ಬ್ರಿಟನ್ನಿನ ಉದಾಹರಣೆಯಿದೆ. ಇಂಗ್ಲೆಂಡ್, ವೇಲ್ಸ್‌ನಲ್ಲಿ 2008ರಿಂದ ದೊಡ್ಡ ಸಾರ್ವಜನಿಕ ಕಟ್ಟಡಗಳು ತಮ್ಮ ಇಂಧನ ಬಳಕೆಯ ದರ್ಜೆಯನ್ನು ಬಾಗಿಲ ಬಳಿ ತೂಗುಹಾಕಬೇಕು.

ಬೆಟ್ಟದಪುರ ಹೋಬಳಿಯಿಂದ, ಈ ನಾಲ್ಕು ತಾಲ್ಲೂಕುಗಳಿಂದ ಇದನ್ನು ಆರಂಭಿಸಲು ಹೊಸ ಕಾಯ್ದೆ ಬೇಕಿಲ್ಲ. ಮೊದಲನೆಯ ವರ್ಷ ಪ್ರತಿ ಸರ್ಕಾರಿ ಕಟ್ಟಡದ ತಿಂಗಳ ಯೂನಿಟ್ಟು, ಪ್ರತಿ ವಾಹನದ ಕೆಎಂಪಿಎಲ್ ಎರಡನ್ನೂ ನೋಟಿಸ್ ಬೋರ್ಡಿನಲ್ಲಿ ಬರೆಯಬೇಕು, ಗ್ರಾಮಸಭೆಯಲ್ಲಿ ಓದಿ ಹೇಳಬೇಕು. ಚೆಸ್ಕಾಂ ಬಳಿ ಕಟ್ಟಡದ ಅಂಕಿಗಳೆಲ್ಲ ಇವೆ, ಕೊಡಲು ಖರ್ಚಿಲ್ಲ. ಎರಡನೆಯದಾಗಿ, ಹೆಚ್ಚು ಬಳಸುವ ಕಟ್ಟಡದಿಂದ ಶುರುಮಾಡಿ ಟ್ಯೂಬು, ಆಮೇಲೆ ಫ್ಯಾನು, ಆಮೇಲೆ ತಾರಸಿ, ಕೊನೆಗೆ ಸೌರಫಲಕ ಎಂಬ ಕ್ರಮದಲ್ಲಿ ಕೆಲಸ ಸಾಗಬೇಕು. ಮೂರನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ಉಳಿದ ಹಣದ ಒಂದು ಪಾಲು ಸುತ್ತುನಿಧಿಗೆ ಹೋಗಲಿ, ಇನ್ನೊಂದು ಪಾಲು ಉಳಿಸಿದ ಶಾಲೆಗೋ ಆಸ್ಪತ್ರೆಗೋ ಪಂಚಾಯ್ತಿಗೋ ತನ್ನ ಅಗತ್ಯಕ್ಕೆ ಖರ್ಚು ಮಾಡಲು ಉಳಿಯಲಿ. ಶಾಲೆಯೊಂದು ಉಳಿಸಿದ ಹಣದಲ್ಲಿ ಗ್ರಂಥಾಲಯಕ್ಕೆ ಪುಸ್ತಕ ತರಬಹುದು ಎಂದಾದರೆ, ಸ್ವಿಚ್ ಆರಿಸಿ ಎಂದು ಗೋಡೆಗೆ ಚೀಟಿ ಅಂಟಿಸಬೇಕಾಗುವುದಿಲ್ಲ. ಜಿಲ್ಲಾಧಿಕಾರಿಗಳು, ಜಿಲ್ಲಾ ಪಂಚಾಯ್ತಿ, ಹಣಕಾಸು ಇಲಾಖೆ ಈ ಮೂರನೆಯ ಮಾತನ್ನು ಒಪ್ಪಬೇಕು. ಒಪ್ಪುವಂತೆ ಕೇಳುವ ಹಕ್ಕು ಬಿಲ್ಲು ಕಟ್ಟುವ ನಮಗಿದೆ, ಮುಂದಿನ ಗ್ರಾಮಸಭೆಯಲ್ಲೇ ಅದನ್ನು ಕೇಳಬಹುದು.